ಮೆಣಸಿನ ಗಿಡಕ್ಕೆ ಎಲೆ ಮೇಲೆ ಗೊಬ್ಬರ ಹೊಡೆಯೋದು: ಎಷ್ಟು, ಯಾವಾಗ, ಯಾಕೆ

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಿಸಿಲು ನೆತ್ತಿ ಸುಡ್ತಾ ಇದ್ದಾಗ, ನಾನು 19:19:19 ಗೊಬ್ಬರನ (ಸಾರಜನಕ, ರಂಜಕ, ಪೊಟ್ಯಾಷ್ ಈ ಕ್ರಮದಲ್ಲಿ ಒಂದೊಂದೂ ನೂರಕ್ಕೆ 19 ಇರೋ ಪುಡಿ) ಒಂದು ಲೀಟರ್ ಸ್ಪ್ರೇ ಬಾಟ್ಲಿಗೆ ಊಟದ ಚಮಚದಲ್ಲಿ ಎರಡು ಚಮಚ ಗೋಪುರದ ಥರ ತುಂಬಿ ಹಾಕಿ, ಚೆನ್ನಾಗಿ ಕುಲುಕಿ, ತಾರಸಿ ಮೇಲಿದ್ದ ಹದಿನಾಲ್ಕು ಮೆಣಸಿನ ಗಿಡಕ್ಕೂ ಸ್ನಾನ ಮಾಡಿಸ್ದಂಗೆ ಹೊಡೆದೆ. ಮಂಗಳವಾರ ಹೋಗಿ ನೋಡಿದ್ರೆ ಎಲೆ ಅಂಚೆಲ್ಲ ಕೆಂಡದ ಮೇಲೆ ಸುಟ್ಟ ಹಪ್ಪಳ ಆಗಿತ್ತು, ಮೊಗ್ಗೆಲ್ಲ ಕುಂಡದ ಸುತ್ತ ಉದುರಿ ಬಿದ್ದಿತ್ತು. ಆ ವಾರ ಮಂಡ್ಯ ಕಡೆಯಿಂದ ನಮ್ಮ ಮಾವ ಬಂದಿದ್ರು, ಹತ್ತು ಗುಂಟೇಲಿ ಮೆಣಸಿನಕಾಯಿ ಬೆಳೆಯೋರು, ನೋಡಿ ನಕ್ಕುಬಿಟ್ಟು "ಅಲ್ಲಾ ಕಣಪ್ಪ, ಬುಡುಕ್ ಏನೂ ಇಕ್ದೆ ಎಲೆಗ್ಯಾಕ್ ಹೊಡಿಯಾಕ್ ಹೋದೆ, ಮುದ್ದೆ ಇಕ್ದೆ ಬರೀ ಉಪ್ಪಿನ್‌ಕಾಯಿ ಇಕ್ದಂಗಾಯ್ತು" ಅಂದ್ರು.

ಆವಾಗ ಸಿಟ್ಟು ಬಂತು, ಆಮೇಲೆ ಪೇಪರ್ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಿದಾಗ ಮಾವ ಹೇಳಿದ್ದು ಸರಿ ಅಂತ ಗೊತ್ತಾಯ್ತು. ನೀವೂ ಲೆಕ್ಕ ಹಾಕಿ ನೋಡಿ. ಒಂದು ದೊಡ್ಡ ಮೆಣಸಿನ ಗಿಡಕ್ಕೆ ಎಲೆ ಪೂರ್ತಿ ನೆನೆಯೋ ಹಂಗೆ ಹೊಡೆದ್ರೂ 100 ಎಂಎಲ್ ಗಿಂತ ಜಾಸ್ತಿ ನೀರು ಹಿಡಿಯಲ್ಲ. ಲೀಟರ್‌ಗೆ 2 ಗ್ರಾಂ ಲೆಕ್ಕದಲ್ಲಿ ಕಲಸಿದ್ರೆ ಆ 100 ಎಂಎಲ್ ಒಳಗೆ ಇರೋ ಗೊಬ್ಬರ 0.2 ಗ್ರಾಂ, ಅದರಲ್ಲಿ ಸಾರಜನಕ ನೂರಕ್ಕೆ 19 ಅಂದ್ರೆ 0.038 ಗ್ರಾಂ. ಅದೂ ಪೂರ್ತಿ ಒಳಗೆ ಹೋದ್ರೆ. ಇನ್ನೊಂದು ಕಡೆ 50 ಗ್ರಾಂ ಕಡ್ಲೆಕಾಯಿ ಹಿಂಡಿ ತಗೊಳ್ಳಿ, ಅದರಲ್ಲಿ ಸಾರಜನಕ ಹೆಚ್ಚುಕಮ್ಮಿ ನೂರಕ್ಕೆ 7, ಅಂದ್ರೆ 3.5 ಗ್ರಾಂ. ಒಂದು ಹಿಡಿ ಹಿಂಡಿ ಕೊಡೋದನ್ನ ಸ್ಪ್ರೇಲಿ ಕೊಡ್ಬೇಕು ಅಂದ್ರೆ ತೊಂಬತ್ತು ಸಲ ಹೊಡೀಬೇಕು, ಯಾರಿಗಿದೆ ಪುರುಸೊತ್ತು.

ಹಂಗಂತ ಸ್ಪ್ರೇ ದಂಡ ಅಂತಲ್ಲ. ಸಾರಜನಕ, ಪೊಟ್ಯಾಷ್ ಇವೆಲ್ಲ ಗಿಡಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕು, ಅದಕ್ಕೆ ಬುಡಾನೇ ದಾರಿ. ಆದ್ರೆ ಕಬ್ಬಿಣ, ಸತು, ಬೋರಾನ್, ಮ್ಯಾಂಗನೀಸ್ ಇವು ಬೇಕಾಗೋದು ಚೂರೇ ಚೂರು, ಮಿಲಿಗ್ರಾಂ ಲೆಕ್ಕ, ಅದನ್ನ ಎಲೆ ಮೇಲೆ ಕೊಟ್ರೆ ಸಾಕಾಗುತ್ತೆ, ಬೇಗನೂ ಮುಟ್ಟುತ್ತೆ. ಬೇರು ಕೆಲಸ ಮಾಡದೆ ಇರೋ ಟೈಮಲ್ಲೂ, ಅಂದ್ರೆ ಮಳೆ ಹಿಡ್ಕೊಂಡು ಕುಂಡ ವಾರಗಟ್ಟಲೆ ತೇವ ಇದ್ದಾಗ, ಎಲೆ ಮೇಲೆ ಒಂಚೂರು ಕೊಡೋದು ಉಪಯೋಗಕ್ಕೆ ಬರುತ್ತೆ. ಹಸಿವಿಗೆ ಮುದ್ದೆ ಬುಡಕ್ಕೆ, ನಂಚ್ಕೊಳ್ಳೋಕೆ ಎಲೆಗೆ.

ಅದಕ್ಕೆ ಮೊದಲು ಬುಡದ್ದು ಹೇಳ್ತೀನಿ. ನಾನು ಉಪಯೋಗಿಸೋದು 20 ಲೀಟರ್ ಪೇಂಟ್ ಬಕೆಟ್, ತಳಕ್ಕೆ ಐದಾರು ತೂತು. ಮೆಣಸಿನ ಗಿಡಕ್ಕೆ ಹನ್ನೆರಡು ಇಂಚಿಗಿಂತ ಚಿಕ್ಕ ಕುಂಡ ಬೇಡ. ಎರಡು ಪಾಲು ಕೆಮ್ಮಣ್ಣು, ಒಂದೂವರೆ ಪಾಲು ಹಳೇ ತಿಪ್ಪೆ ಗೊಬ್ಬರ ಇಲ್ಲಾಂದ್ರೆ ಎರೆಹುಳು ಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೇಲೆ ಎರಡು ಹಿಡಿ ಬೇವಿನ ಹಿಂಡಿ. ನಮ್ಮ ಕಡೆ ಹೊಂಗೆ ಹಿಂಡಿನೂ ಸಿಗುತ್ತೆ, ಬೇವಿನ ಬದಲು ಅದನ್ನೇ ಹಾಕ್ಬೋದು. ಮಂಡ್ಯ, ಮಳವಳ್ಳಿ, ಮದ್ದೂರು ಕಡೆ ನೆಂಟರಿದ್ರೆ ರೇಷ್ಮೆ ಸಾಕೋ ಮನೆಯಿಂದ ಹುಳದ ಹಿಕ್ಕೆ ಒಂದು ಚೀಲ ತರಿಸ್ಕೊಳ್ಳಿ, ತುಂಬಾ ಒಳ್ಳೆ ಗೊಬ್ಬರ, ಆದ್ರೆ ಹಸಿಹಸಿಯಾಗೇ ಹಾಕ್ಬೇಡಿ, ಕಾವು ಬಂದು ಬೇರು ಬೆಂದು ಹೋಗುತ್ತೆ, ಎರಡು ಮೂರು ತಿಂಗಳು ಕಳಿಯೋಕೆ ಬಿಡಿ. ಮೇಲ್ಗಡೆ ಹೊದಿಕೆಗೆ ಆಲೆಮನೆ ಕಬ್ಬಿನ ಸಿಪ್ಪೆ ಹಾಸಿದ್ರೆ ಬೇಸಿಗೇಲಿ ದಿನಕ್ಕೆ ಎರಡು ಸಲ ನೀರು ಹಾಕೋ ಕೆಲಸ ಒಂದು ಸಲಕ್ಕೆ ಇಳಿಯುತ್ತೆ.

ಗಿಡ ಹಿಡ್ಕೊಂಡ್ಮೇಲೆ ಹದಿನೈದು ದಿನಕ್ಕೊಂದ್ಸಲ ಕಡ್ಲೆಕಾಯಿ ಹಿಂಡಿ ನೀರು. 100 ಗ್ರಾಂ ಹಿಂಡಿನ ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಹಾಕಿ, ಅದಕ್ಕೆ ಹತ್ತರಷ್ಟು ನೀರು ಸೇರಿಸಿ, ಒಂದೊಂದು ಕುಂಡಕ್ಕೆ ಅರ್ಧ ಲೀಟರ್. ಒಣ ಹಿಂಡಿನೇ ಕುಂಡಕ್ಕೆ ಉದುರಿಸಿದ್ರೆ ಇರುವೆ, ಇಲಿ, ಹೆಗ್ಗಣ ಎಲ್ಲಾ ನೆಂಟರ ಥರ ಬರ್ತವೆ, ನಮ್ಮನೇಲಿ ಒಂದೇ ರಾತ್ರಿಗೆ ನಾಲ್ಕು ಕುಂಡ ಕೆದಕಿ ಹಾಕಿದ್ವು. ವಾಸನೆ ವಿಷಯ ಕೇಳ್ಬೇಡಿ, ಸಾಯಂಕಾಲ ಪಕ್ಕದ ಮನೆಯವರು ತಾರಸಿಗೆ ಬರೋ ಹೊತ್ತಲ್ಲಿ ಹಾಕ್ಬೇಡಿ ಅಷ್ಟೆ.

ಇನ್ನು ಎಲೆ ವಿಷಯ. ಸ್ಪ್ರೇ ಮಾಡೋಕೆ ಮುಂಚೆ ಗಿಡದ ಮುಂದೆ ಎರಡು ನಿಮಿಷ ಕೂತು ಎಲೆ ನೋಡಿ. ಹಳೇ ಎಲೆ ಹಳದಿಯಾಗಿದ್ಯಾ, ಹೊಸ ಎಲೆನಾ, ಇದೊಂದೇ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷ್ ಇವು ಗಿಡದೊಳಗೆ ಓಡಾಡ್ತವೆ, ಕಮ್ಮಿ ಬಿದ್ರೆ ಗಿಡ ಹಳೇ ಎಲೆಯಿಂದ ಕಿತ್ತು ಕುಡಿಗೆ ಕೊಡುತ್ತೆ, ಮನೇಲಿ ದೊಡ್ಡೋರು ತಮ್ಮ ತಟ್ಟೆಯಿಂದ ಮಕ್ಕಳಿಗೆ ಹಾಕ್ದಂಗೆ, ಹಂಗಾಗಿ ಹಳೇ ಎಲೆ ಮೊದ್ಲು ಸೊರಗುತ್ತೆ. ಕೆಳಗಿನ ಎಲೆ ಪೂರ್ತಿ ತೆಳು ಹಳದಿ ಆದ್ರೆ ಸಾರಜನಕ ಕಮ್ಮಿ. ಕೆಳಗಿನ ಎಲೇಲೇ ನರ ಹಸಿರಾಗಿದ್ದು ನಡುವೆ ನಡುವೆ ಹಳದಿ ಆದ್ರೆ ಮೆಗ್ನೀಷಿಯಂ. ಅಂಚು ಒಣಗ್ತಾ ಬಂದ್ರೆ ಪೊಟ್ಯಾಷ್ ಇರ್ಬೋದು, ನನ್ನ ಥರ ಸುಟ್ಟಿರೋದೂ ಇರ್ಬೋದು. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಇವು ಒಂದು ಕಡೆ ಕೂತ್ರೆ ಕೂತ್ವು, ಎದ್ದು ಬರಲ್ಲ, ಅದಕ್ಕೆ ಹೊಸ ಚಿಗುರಲ್ಲೇ ಕಾಯಿಲೆ ತೋರುತ್ತೆ. ಮೇಲಿನ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಬಲೆ ಥರ ಕಾಣ್ತಿದ್ರೆ ಕಬ್ಬಿಣ ಅಂತ ತಿಳ್ಕೊಳ್ಳಿ.

ಈ ಕಬ್ಬಿಣದ ಕಾಟ ಬೋರ್‌ವೆಲ್ ನೀರು ಹಾಕೋರಿಗೆ ಜಾಸ್ತಿ. ಮಂಡ್ಯ ಕಡೆ ಸುಮಾರು ಊರಲ್ಲಿ ಬೋರ್ ನೀರು ಗಡಸು, ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ ಅದೇ ಕುಂಡದ ಅಂಚಲ್ಲೂ ಕಟ್ಟುತ್ತೆ. ಆ ನೀರು ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಏರಿಸುತ್ತೆ, ಏರಿದ್ರೆ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ಬುಡಕ್ಕೆ ಎಷ್ಟು ಹಾಕಿದ್ರೂ ಅಷ್ಟೆ, ಇಲ್ಲಿ ಸ್ಪ್ರೇ ನಿಜವಾಗ್ಲೂ ಕೆಲಸ ಮಾಡುತ್ತೆ. ಗೊಬ್ಬರದ ಅಂಗಡೀಲಿ ಚೀಲೇಟೆಡ್ ಐರನ್ ಅಂತ ಕೇಳಿ, ಗಿಡ ಸುಲಭವಾಗಿ ತಗೊಳ್ಳೋ ಹಂಗೆ ಮಾಡಿರೋ ಕಬ್ಬಿಣ ಅದು, ಲೀಟರ್‌ಗೆ ಅರ್ಧ ಗ್ರಾಂ, ವಾರ ಬಿಟ್ಟು ವಾರ ಎರಡು ಮೂರು ಸಲ. ಹೊಸ ಚಿಗುರು ಹಸಿರು ಬರುತ್ತೆ, ಹಳದಿ ಆಗಿದ್ದ ಎಲೆ ಪೂರ್ತಿ ವಾಪಸ್ ಬರದೆ ಇದ್ರೆ ತಲೆ ಕೆಡಿಸ್ಕೋಬೇಡಿ. ಸ್ಪ್ರೇಗೆ ಮಾತ್ರ ಕಾವೇರಿ ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ತಗೊಳ್ಳಿ, ಬಾಟ್ಲಿಗೆ ಬೇಕಾಗೋದು ಒಂದು ಲೀಟರ್ ತಾನೆ. ಬೋರ್ ನೀರೇ ಗತಿ ಅಂದ್ರೆ ಲೀಟರ್‌ಗೆ ಅರ್ಧ ಚಮಚ ನಿಂಬೆ ರಸ ಹಿಂಡಿ.

ನಿಂಬೆಹಣ್ಣು ನಾನು ಕಂಡುಹಿಡಿದಿದ್ದಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತರಕಾರಿಗೆ ಅಂತ ಲಘು ಪೋಷಕಾಂಶದ ಪುಡಿ ಮಾಡಿದ್ದಾರೆ, ವೆಜಿಟೇಬಲ್ ಸ್ಪೆಷಲ್ ಅಂತ, ಅದನ್ನ ಕಲಸುವಾಗ ನಿಂಬೆ ರಸ ಮತ್ತೆ ಒಂದು ಶಾಂಪೂ ಸ್ಯಾಶೆ ಹಾಕೋಕೆ ಅವರೇ ಹೇಳ್ತಾರೆ. ನಿಂಬೆ ನೀರಿನ ಗಡಸು ಮುರಿಯೋಕೆ, ಶಾಂಪೂ ಹನಿ ಜಾರದೆ ಎಲೆಗೆ ಅಂಟ್ಕೊಳ್ಳೋಕೆ. ಮೆಣಸಿನ ಎಲೆ ನುಣುಪು, ಕೆಸುವಿನ ಎಲೆಯಷ್ಟಲ್ಲದಿದ್ರೂ ಬರೀ ನೀರು ಉಂಡೆ ಉಂಡೆಯಾಗಿ ಉರುಳಿ ಹೋಗುತ್ತೆ, ಲೀಟರ್‌ಗೆ ಎರಡು ಮೂರು ಹನಿ ಶಾಂಪೂ ಸಾಕು. ಮನೇಲಿ ಮಾಡೋರಿಗೆ ಬೇರೆ ಬೇರೆ ಸತು, ಬೋರಾನ್, ಮ್ಯಾಂಗನೀಸ್ ಅಂತ ಡಬ್ಬ ಡಬ್ಬ ತರೋದಕ್ಕಿಂತ ಈ ಥರ ಮಿಶ್ರಣದ ಪುಡಿ ಒಂದೇ ವಾಸಿ, ಅದರಲ್ಲೂ ಬೋರಾನ್ ಒಂಚೂರು ಜಾಸ್ತಿ ಆದ್ರೂ ವಿಷ, ಅದನ್ನ ಒಂಟಿಯಾಗಿ ಮುಟ್ಲೇಬೇಡಿ. ಅಳತೆ ಪ್ಯಾಕೆಟ್ ಮೇಲೆ ಬೆಳೆವಾರು ಬರೆದಿರ್ತಾರೆ, ಕುಂಡಕ್ಕೆ ನಾನು ಅದರ ಅರ್ಧ ತಗೊಂಡು ತಿಂಗಳಿಗೊಂದ್ಸಲ ಹೊಡೀತೀನಿ.

ಮೆಗ್ನೀಷಿಯಂಗೆ ಎಪ್ಸಮ್ ಸಾಲ್ಟ್, ಗೊಬ್ಬರದ ಅಂಗಡೀಲಿ ಮೆಗ್ನೀಷಿಯಂ ಸಲ್ಫೇಟ್ ಅಂತ ಕೇಳಿದ್ರೆ ಅಗ್ಗಕ್ಕೆ ಸಿಗುತ್ತೆ. ಲೀಟರ್‌ಗೆ ಅರ್ಧ ಟೀ ಚಮಚದಿಂದ ಒಂದು ಟೀ ಚಮಚ, ಮಟ್ಟವಾಗಿ. ಟೀ ಚಮಚ ಮಟ್ಟವಾಗಿ ತುಂಬಿದ್ರೆ 5 ಗ್ರಾಂ ಹತ್ರ ಬರುತ್ತೆ, ಗೋಪುರ ಮಾಡಿದ್ರೆ ಎಷ್ಟು ಅಂತ ದೇವರಿಗೇ ಗೊತ್ತು, ಅದಕ್ಕೆ ಅಡುಗೆಮನೆ ಡಿಜಿಟಲ್ ತೂಕದ ಮಷೀನ್ ಒಂದು ಇಟ್ಕೊಂಡ್ರೆ ನೆಮ್ಮದಿ. ಎಲ್ಲರೂ ಎಪ್ಸಮ್ ಎಪ್ಸಮ್ ಅಂತಾರೆ ಅಂತ ಕಾಯಿಲೆ ಇಲ್ಲದ ಗಿಡಕ್ಕೆ ವಾರ ವಾರ ಹೊಡೀಬೇಡಿ, ಮೆಗ್ನೀಷಿಯಂ ಜಾಸ್ತಿ ಆದ್ರೆ ಬೇರು ಕ್ಯಾಲ್ಸಿಯಂ ತಗೊಳ್ಳೋದು ಕಮ್ಮಿ ಮಾಡುತ್ತೆ.

ಕ್ಯಾಲ್ಸಿಯಂ ವಿಷಯಕ್ಕೆ ಬಂದ್ವಿ. ದಪ್ಪ ಮೆಣಸಿನಕಾಯಿ, ಬಜ್ಜಿ ಮೆಣಸಿನಕಾಯಿ ಬೆಳೆಯೋರಿಗೆ ಕಾಯಿ ತುದೀಲಿ ಕಂದು ಕಲೆ ಬಿದ್ದು ಮೆತ್ತಗಾಗೋದು ಗೊತ್ತಿರುತ್ತೆ. ಕಾಯಿಗೆ ಕ್ಯಾಲ್ಸಿಯಂ ಸಾಲ್ದೇ ಆಗೋದು ಅದು, ನಿಜ, ಆದ್ರೆ ಮಣ್ಣಲ್ಲಿ ಇಲ್ಲ ಅಂತಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿಂದ ಮೇಲಕ್ಕೆ ಹೋಗೋದೇ ಹೊರತು ಎಲೆಯಿಂದ ಕಾಯಿಗೆ ಇಳಿಯೋದು ಇಲ್ಲ ಅನ್ನೋಷ್ಟು ಕಮ್ಮಿ. ಎರಡು ದಿನ ಕುಂಡ ಒಣಗಿಸಿ ಮೂರನೇ ದಿನ ತುಂಬಿ ಹರಿಯೋಷ್ಟು ಹಾಕೋರ ಮನೇಲೇ ಇದು ಜಾಸ್ತಿ. ಹಂಗಾಗಿ ಮೊದಲು ನೀರು ಸರಿ ಮಾಡ್ಕೊಳ್ಳಿ, ಆಮೇಲೆ ಬೇಕಿದ್ರೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರ್‌ಗೆ 2 ಗ್ರಾಂ, ಎಳೆ ಕಾಯಿ ಮೇಲೇ ಬೀಳೋ ಹಂಗೆ ಹೊಡೀರಿ. ಮೊಟ್ಟೆ ಚಿಪ್ಪು ನೆನೆಹಾಕಿದ ನೀರು ಹೊಡೆಯೋದು ನೋಡಿದೀನಿ, ಚಿಪ್ಪು ಬರೀ ನೀರಲ್ಲಿ ಕರಗಲ್ಲ ಸ್ವಾಮಿ, ಪುಡಿ ಮಾಡಿ ಮಣ್ಣಿಗೆ ಹಾಕಿ, ನಿಧಾನಕ್ಕೆ ಕರಗುತ್ತೆ.

ಒಂದು ಮುಖ್ಯ: ಕ್ಯಾಲ್ಸಿಯಂ ನೈಟ್ರೇಟ್‌ನ ಎಪ್ಸಮ್ ಜೊತೆ, 19:19:19 ಜೊತೆ, ಯಾವ ಸಲ್ಫೇಟ್ ಫಾಸ್ಫೇಟ್ ಜೊತೆನೂ ಒಂದೇ ಬಾಟ್ಲೀಲಿ ಕಲಸ್ಬೇಡಿ. ಎರಡೂ ಸೇರಿ ಸೀಮೆಸುಣ್ಣದ ಪುಡಿ ಥರ ತಳಕ್ಕೆ ಕೂರುತ್ತೆ, ಗಿಡಕ್ಕೆ ಏನೂ ಸಿಗಲ್ಲ, ನಾಝಲ್ ಕಟ್ಕೊಳ್ಳುತ್ತೆ. ನಡುವೆ ಐದಾರು ದಿನ ಬಿಡಿ.

ಈಗ ಹೊಡೆಯೋ ರೀತಿ. ಬೆಳಿಗ್ಗೆ ಎಂಟರ ಒಳಗೆ ಇಲ್ಲಾಂದ್ರೆ ಸಂಜೆ ಐದರ ಮೇಲೆ. ಎಲೆ ಮೇಲೆ ಮೇಣದ ಥರ ಒಂದು ಪದರ ಇರುತ್ತೆ, ಗೊಬ್ಬರ ಅದನ್ನ ದಾಟ್ಬೇಕು ಅಂದ್ರೆ ಹನಿ ಒದ್ದೆಯಾಗೇ ಇರ್ಬೇಕು, ಒಣಗ್ತು ಅಂದ್ರೆ ಉಪ್ಪು ಎಲೆ ಮೇಲೇ ಉಳಿದು ಸುಡುತ್ತೆ. ನಾನು ಹನ್ನೊಂದು ಗಂಟೆಗೆ ಹೊಡೆದಾಗ ಆಗಿದ್ದು ಅದೇ. ಬೆಳಗಿನ ಹೊತ್ತು ನನಗೆ ಹೆಚ್ಚು ಇಷ್ಟ, ಯಾಕಂದ್ರೆ ರಾತ್ರಿಯಿಡೀ ಎಲೆ ಒದ್ದೆ ಇದ್ರೆ ಮಳೆಗಾಲದಲ್ಲಿ ಚುಕ್ಕೆ ರೋಗ ಬರೋ ಚಾನ್ಸು ಜಾಸ್ತಿ. ಹಿಂದಿನ ದಿನಾನೇ ಬುಡಕ್ಕೆ ನೀರು ಹಾಕಿರಿ, ಬಾಡಿದ ಗಿಡಕ್ಕೆ ಸ್ಪ್ರೇ ಮಾಡ್ಲೇಬಾರ್ದು. ನಾಝಲ್ ತಿರುಗಿಸಿ ಮಂಜಿನ ಥರ ಬರೋ ಹಂಗೆ ಇಟ್ಕೊಂಡು ಎಲೆ ತಳಕ್ಕೂ ಹೊಡೀರಿ, ಅಲ್ಲಿ ಮೇಣ ತೆಳು, ಉಸಿರಾಡೋ ರಂಧ್ರನೂ ಜಾಸ್ತಿ. ಎಲೆ ತುದಿಯಿಂದ ತೊಟ್ಟಿಕ್ಕೋಕೆ ಶುರುವಾದ್ರೆ ನಿಲ್ಲಿಸಿ, ಅದರ ಮೇಲೆ ಹೊಡೆದಿದ್ದೆಲ್ಲ ತಾರಸಿಗೆ ಗೊಬ್ಬರ. ಮೋಡ ಕಟ್ಟಿದ್ರೆ ಅವತ್ತು ಬೇಡ, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೈಸೂರಲ್ಲಿ ಮಳೆ ಯಾವಾಗ ಹುಯ್ಯುತ್ತೋ ಹೇಳೋಕಾಗಲ್ಲ. ಹೊಸ ಪುಡಿ ತಂದಾಗ ಒಂದು ಗಿಡದ ಒಂದೇ ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ, ಈ ಬುದ್ಧಿ ನನಗೆ ಹದಿನಾಲ್ಕು ಗಿಡ ಸುಟ್ಟ ಮೇಲೆ ಬಂತು.

ಯಾವಾಗ ಏನು ಅಂತ ಕೇಳೋರಿಗೆ ನನ್ನ ಪದ್ಧತಿ ಹೇಳ್ತೀನಿ. ಮೇ ಕೊನೇಲಿ ಬೀಜ ಹಾಕಿ, ಜುಲೈ ಮೊದಲ ವಾರ ಪೈರು ಕುಂಡಕ್ಕೆ ನೆಟ್ರೆ ದಸರಾ ಹೊತ್ತಿಗೆ ಕಾಯಿ ಕೀಳ್ಬೋದು. ನೆಟ್ಟು ಎರಡು ವಾರ ಏನೂ ಬೇಡ, ಬೇರು ಬಿಡ್ಲಿ. ಆಮೇಲೆ ಹತ್ತು ಹದಿನೈದು ದಿನಕ್ಕೊಂದ್ಸಲ 19:19:19 ಲೀಟರ್‌ಗೆ 2 ಗ್ರಾಂ, ಎಳೆ ಗಿಡಕ್ಕೆ 1 ಗ್ರಾಂ. ಹೊಲದಲ್ಲಿ 5 ಗ್ರಾಂವರೆಗೂ ಹೊಡೀತಾರೆ, ಅದನ್ನ ನೋಡಿ ಕುಂಡಕ್ಕೆ ಹೊಡೀಬೇಡಿ. ಮೊಗ್ಗು ಕಾಣಿಸ್ತಿದ್ದಂಗೆ ಸಾರಜನಕ ಇಳಿಸಿ, ಒಂದ್ಸಲ 0:52:34, ಕಾಯಿ ಕಚ್ಚಿದ ಮೇಲೆ 13:0:45, ಎರಡೂ ಲೀಟರ್‌ಗೆ 2 ಗ್ರಾಂ. ಮೂರು ಮೂರು ಪ್ಯಾಕೆಟ್ ಬೇಡ ಅನ್ನೋರು 19:19:19 ಒಂದನ್ನೇ ಇಟ್ಕೊಂಡು ಹೂ ಬಂದ್ಮೇಲೆ ಬುಡಕ್ಕೆ ಒಂದು ಚಮಚ ಪೊಟ್ಯಾಷ್ ಸಲ್ಫೇಟ್ ಹಾಕ್ಬೋದು, ನಡೆಯುತ್ತೆ. ಸೌದೆ ಒಲೆ ಬೂದಿ ಸಿಕ್ಕಿದ್ರೆ ಅದರಲ್ಲೂ ಪೊಟ್ಯಾಷ್ ಇದೆ, ಆದ್ರೆ ಬೋರ್ ನೀರಿನ ಕುಂಡಕ್ಕೆ ಬೂದಿ ಬೇಡ, ಮೊದಲೇ ಏರಿರೋ ಪಿಎಚ್ ಇನ್ನೂ ಏರುತ್ತೆ. ಈ ಪುಡಿಗಳು ಗಾಳಿ ತಾಗಿದ್ರೆ ಬೆಲ್ಲದ ಥರ ಕರಗಿ ಗಟ್ಟಿ ಆಗ್ತವೆ, ಬಿಗಿ ಮುಚ್ಚಳದ ಡಬ್ಬೀಲಿ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ, ಒಂದು ಕೆಜಿ ತಂದ್ರೆ ಬೀದಿಗೆಲ್ಲ ಆಗುತ್ತೆ, ಹಂಚ್ಕೊಳ್ಳಿ.

ಗಿಡ ದಟ್ಟ ಹಸಿರಾಗಿ, ಆಳೆತ್ತರ ಬೆಳೆದು, ಹೂವೇ ಬಿಡ್ತಿಲ್ಲ ಅಂದ್ರೆ ಸಾರಜನಕ ಜಾಸ್ತಿ ಆಗಿದೆ, ಗೊಬ್ಬರ ನಿಲ್ಲಿಸಿ. ಏಪ್ರಿಲ್ ಬಿಸಿಲಲ್ಲಿ 35 ಡಿಗ್ರಿ ದಾಟಿದಾಗ ಹೂ ಉದುರೋದಕ್ಕೆ ಮಾತ್ರ ಯಾವ ಸ್ಪ್ರೇನೂ ಮದ್ದಲ್ಲ, ಹಸಿರು ಬಲೆ ಕಟ್ಟಿ ನೆರಳು ಮಾಡಿ, ಮಳೆ ಬರೋವರೆಗೆ ಕಾಯ್ಬೇಕು.

ಇನ್ನೊಂದು ದೊಡ್ಡ ತಪ್ಪು ತಿಳುವಳಿಕೆ ಅಂದ್ರೆ ಮುಟುರು. ಎಲೆ ಮುದುಡಿದ ತಕ್ಷಣ ಗೊಬ್ಬರ ಕಮ್ಮಿ ಅಂತ ಸ್ಪ್ರೇ ಹಿಡೀತಾರೆ. ಎಲೆ ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆದ್ರೆ ಥ್ರಿಪ್ಸ್, ಕೆಳಕ್ಕೆ ಮಡಚಿ ಕವುಚಿದ ದೋಣಿ ಥರ ಆದ್ರೆ ಮೈಟ್ ನುಸಿ, ಎರಡೂ ರಸ ಹೀರೋವು. ಕುಡಿ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ, ಚೂರು ಚೂರು ಹುಳ ಓಡಾಡಿದ್ರೆ ಥ್ರಿಪ್ಸ್. ಇದಕ್ಕೆ ಬೇವಿನ ಎಣ್ಣೆ ಲೀಟರ್‌ಗೆ 5 ಎಂಎಲ್, ಒಂಚೂರು ಸೋಪಿನ ನೀರು ಹಾಕಿ ಬೆಳ್ಳಗೆ ಹಾಲಿನ ಥರ ಆಗೋವರೆಗೆ ಕುಲುಕಿ ಸಂಜೆ ಹೊಡೀರಿ, ವಾರಕ್ಕೊಂದ್ಸಲ ಮೂರು ವಾರ. ಗೊಬ್ಬರದ ಜೊತೆ ಸೇರಿಸಿ ಬೇಡ. ಬಿಳಿ ನೊಣ ಅಂಟಿಸೋ ವೈರಸ್ ಮುಟುರು ಆದ್ರೆ ಎಲೆ ಚಿಕ್ಕದಾಗಿ ಗಿಡ ಕುಳ್ಳಗೆ ನಿಂತುಬಿಡುತ್ತೆ, ಅದಕ್ಕೆ ಔಷಧಿ ಇಲ್ಲ, ಪಕ್ಕದ ಗಿಡಕ್ಕೆ ಹೋಗೋಕೆ ಮುಂಚೆ ಕಿತ್ತು ಬಿಸಾಕಿ. ನನಗೂ ಮನಸ್ಸು ಬರಲ್ಲ, ಆದ್ರೂ ಕೀಳ್ತೀನಿ.

ಅಂಗಡಿ ಗೊಬ್ಬರನೇ ಬೇಡ ಅನ್ನೋರಿಗೆ ಜೀವಾಮೃತ. 200 ಲೀಟರ್ ಡ್ರಮ್ಮಿನ ಲೆಕ್ಕ ಎಲ್ಲಾ ಕಡೆ ಸಿಗುತ್ತೆ, ತಾರಸಿಗೆ ಅದನ್ನ ಇಪ್ಪತ್ತರಲ್ಲಿ ಒಂದು ಪಾಲು ಮಾಡಿ: 10 ಲೀಟರ್ ನೀರು, ಅರ್ಧ ಕೆಜಿ ನಾಟಿ ಹಸು ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡ್ಲೆ ಹಿಟ್ಟು ಅಥವಾ ಯಾವ್ದಾದ್ರೂ ಬೇಳೆ ಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ಬೆಲ್ಲ ಮಾತ್ರ ಕಪ್ಪಗಿರೋ ಆಲೆಮನೆ ಬೆಲ್ಲ ತಗೊಳ್ಳಿ, ಬೆಳ್ಳಗೆ ಹೊಳೆಯೋದು ಬೇಡ. ನೆರಳಲ್ಲಿ ಗೋಣಿ ಹೊದಿಸಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ಕೋಲಲ್ಲಿ ತಿರುಗಿಸಿ, ಒಂದು ವಾರದೊಳಗೆ ಮುಗಿಸಿಬಿಡಿ. ಬುಡಕ್ಕೆ ಹಾಕೋದೇ ಇದರ ನಿಜವಾದ ಉಪಯೋಗ. ಎಲೆಗೆ ಹೊಡೀಲೇಬೇಕು ಅಂದ್ರೆ ಹಳೇ ಪಂಚೆ ಬಟ್ಟೇಲಿ ಎರಡು ಸಲ ಸೋಸಿ ಹತ್ತರಷ್ಟು ನೀರು ಸೇರಿಸಿ, ಸೋಸದೆ ಹಾಕಿದ್ರೆ ನಾಝಲ್‌ನ ಗುಂಡುಪಿನ್ನಲ್ಲಿ ಚುಚ್ತಾ ಕೂರ್ಬೇಕಾಗುತ್ತೆ. ಸಗಣಿ ನೀರು ಕಾಯಿ ಮೇಲೆ ಬೀಳೋದು ಬೇಡ, ಅವತ್ತು ಬಲಿತ ಕಾಯೆಲ್ಲ ಮೊದ್ಲು ಕಿತ್ಕೊಂಡು ಆಮೇಲೆ ಹೊಡೀರಿ.

ಪುಡಿ ಗೊಬ್ಬರ ಹಾಕೋರು ತಿಂಗಳಿಗೊಂದ್ಸಲ ಕುಂಡಕ್ಕೆ ತಳದಿಂದ ಚೆನ್ನಾಗಿ ಹರಿದು ಹೋಗೋಷ್ಟು ಒಳ್ಳೆ ನೀರು ಹಾಕಿ, ಕೂತಿರೋ ಉಪ್ಪು ತೊಳ್ಕೊಂಡು ಹೋಗುತ್ತೆ, ಮಳೆಗಾಲದಲ್ಲಿ ಈ ಕೆಲಸ ಮಳೇನೇ ಮಾಡುತ್ತೆ. ಎಷ್ಟು ಮಾಡಿದ್ರೂ ಗಿಡ ಏಳ್ತಿಲ್ಲ ಅಂದ್ರೆ ಮಂಡ್ಯದವರು ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ, ನಂಜನಗೂಡು ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಲ್ಕು ಎಲೆ, ಒಂದು ಹಿಡಿ ಮಣ್ಣು ತಗೊಂಡು ಹೋಗಿ ಕೇಳಿ. ಸ್ಪ್ರೇ ಆದ ಮೇಲೆ ಬಾಟ್ಲಿನ ಎರಡು ಸಲ ಬರೀ ನೀರಲ್ಲಿ ತೊಳೆದು ನಾಝಲ್‌ನಿಂದಲೂ ಒಂದಷ್ಟು ನೀರು ಹೊಡೆದು ಬಿಡಿ, ಬೇವಿನ ಎಣ್ಣೆಗೆ ಬೇರೆ ಬಾಟ್ಲಿನೇ ಇಟ್ಕೊಳ್ಳಿ, ಉಳಿದ ಗೊಬ್ಬರದ ನೀರನ್ನ ನಾಳೆಗೆ ಅಂತ ಇಡ್ಬೇಡಿ, ಅದಕ್ಕೆ ಇನ್ನೊಂದು ಲೀಟರ್ ನೀರು ಬೆರೆಸಿ ಕರಿಬೇವಿನ ಗಿಡದ ಬುಡಕ್ಕೆ ಸುರಿದ್ರೆ ಆಯ್ತು.